ನಲ್ಲಿಯ ನೀರು ಸಣ್ಣಗಾದಾಗ: ಮೋಟಾರು ಎತ್ತಿಸುವ ಮುನ್ನ ನೋಡಬೇಕಾದದ್ದು

ಮೈಸೂರು, ಮಂಡ್ಯ ಕಡೆಯ ಬೋರ್‌ವೆಲ್ ಇರುವ ಮನೆಗಳಲ್ಲಿ ನಲ್ಲಿಯ ನೀರು ಸಣ್ಣಗಾಯಿತೆಂದರೆ ಮನೆಯವರ ಬಾಯಲ್ಲಿ ಮೊದಲು ಬರುವುದು ಎರಡೇ ಮಾತು: ಬೋರಿನಲ್ಲಿ ನೀರು ಇಳಿದುಹೋಗಿದೆ, ಇಲ್ಲವೇ ಮೋಟಾರು ಕೆಟ್ಟಿದೆ. ಎರಡಕ್ಕೂ ಎಲ್ಲರೂ ಮೊದಲು ಮಾಡುವುದು ಮೋಟಾರು ಎತ್ತುವವರಿಗೆ ಫೋನು. ಮಂಡ್ಯದ ನಮ್ಮ ಮನೆಯಲ್ಲೂ ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ಹೀಗೆಯೇ ಆಯಿತು. ಮುಕ್ಕಾಲು ಗಂಟೆಯಲ್ಲಿ ತುಂಬುತ್ತಿದ್ದ 1000 ಲೀಟರಿನ ಟ್ಯಾಂಕು ಎರಡು ಗಂಟೆ ಕಳೆದರೂ ತುಂಬದಾಯಿತು. ನಾಲ್ಕು ಜನ ಬಂದು, 20 ಅಡಿಯ ಹನ್ನೆರಡು ಲೆಂತ್ ಕಬ್ಬಿಣದ ಪೈಪನ್ನು ಒಂದೊಂದಾಗಿ ಬಿಚ್ಚಿ, ಮಧ್ಯಾಹ್ನದ ಹೊತ್ತಿಗೆ ಮೋಟಾರನ್ನು ಮೇಲೆ ತಂದು, ನೀರು ತುಂಬಿದ ಡ್ರಮ್ಮಿನಲ್ಲಿ ನಿಲ್ಲಿಸಿ ಓಡಿಸಿದರು. ನೀರು ಆಳೆತ್ತರಕ್ಕೆ ಚಿಮ್ಮಿತು. ಅವರಲ್ಲಿ ಹಿರಿಯರಾಗಿದ್ದವರು ‘ಮೋಟ್ರು ಚೆನ್ನಾಗೇ ಐತೆ ಸಾರ್, ನೀರು ಮ್ಯಾಲೇ ಎಲ್ಲೋ ಸಿಕ್ಕಾಕೊಂಡೈತೆ’ ಎಂದು ಹೇಳಿ, ಕೇಸಿಂಗಿನ (ಮಣ್ಣು ಕುಸಿಯದಂತೆ ಬೋರಿನ ಬಾಯಿಗೆ ಇಳಿಸಿದ ದೊಡ್ಡ ಪೈಪಿನ) ಪಕ್ಕದಲ್ಲಿದ್ದ ಗೇಟ್ ವಾಲ್ವನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಮೇಲಿನ ಹಿಡಿ ಸಲೀಸಾಗಿ ತಿರುಗುತ್ತಿತ್ತು. ಒಳಗಿನ ಹಿತ್ತಾಳೆಯ ಬಿಲ್ಲೆ ಮಾತ್ರ ಕಡ್ಡಿಯಿಂದ ಕಳಚಿಕೊಂಡು, ನೀರಿನ ದಾರಿಯ ಮುಕ್ಕಾಲು ಪಾಲನ್ನು ಮುಚ್ಚಿ ಕೂತಿತ್ತು. ವಾಲ್ವಿನ ಬೆಲೆಯ ಹತ್ತಾರು ಪಟ್ಟು ಹಣ ಅಷ್ಟರಲ್ಲಿ ಎತ್ತುವ ಇಳಿಸುವ ಕೂಲಿಗೆ ಹೋಗಿತ್ತು.

ಆ ದಿನದಿಂದ ನಾನು ಪಾಲಿಸುತ್ತಿರುವ ಕ್ರಮ ಒಂದೇ. ನಲ್ಲಿಯಿಂದ ಶುರುಮಾಡಿ ನೀರಿನ ದಾರಿಯನ್ನು ಹಿಂದಕ್ಕೆ ಹುಡುಕುತ್ತ ಹೋಗಬೇಕು. ಬೋರಿನೊಳಗಿರುವುದನ್ನು ಕಟ್ಟಕಡೆಗೆ ಮುಟ್ಟಬೇಕು. ಇದಕ್ಕೆ ಬೇಕಾದದ್ದು 20 ಲೀಟರಿನ ಒಂದು ಬಕೆಟ್, ಸೆಕೆಂಡು ತೋರಿಸುವ ಗಡಿಯಾರ ಅಥವಾ ಮೊಬೈಲು, ಒಂದು ಸ್ಪ್ಯಾನರ್, ಮತ್ತು ಒಂದು ಗಂಟೆಯ ತಾಳ್ಮೆ.

ದಾರಿಯನ್ನು ಎರಡು ತುಂಡು ಮಾಡಿಕೊಳ್ಳುವುದು

ನಮ್ಮ ಕಡೆಯ ಬಹುತೇಕ ಮನೆಗಳಲ್ಲಿ ಬೋರಿನ ನೀರು ನೇರವಾಗಿ ನಲ್ಲಿಗೆ ಬರುವುದಿಲ್ಲ. ಮೋಟಾರು ಅದನ್ನು ಸಂಪಿಗೋ ತಾರಸಿಯ ಮೇಲಿನ ಟ್ಯಾಂಕಿಗೋ ತುಂಬುತ್ತದೆ. ಅಲ್ಲಿಂದ ನೀರು ತನ್ನ ಭಾರದಿಂದಲೇ ಇಳಿದು ನಲ್ಲಿಗೆ ಬರುತ್ತದೆ. ಆದ್ದರಿಂದ ಟ್ಯಾಂಕಿನಲ್ಲಿ ನೀರು ತುಂಬಿದ್ದೂ ನಲ್ಲಿಯಲ್ಲಿ ಸಣ್ಣಗೆ ಬರುತ್ತಿದ್ದರೆ ಆ ದೋಷಕ್ಕೂ ಬೋರಿಗೂ ಯಾವ ಸಂಬಂಧವೂ ಇಲ್ಲ. ನಲ್ಲಿಯಲ್ಲಿ ರಭಸ ಚೆನ್ನಾಗಿದ್ದು ಟ್ಯಾಂಕು ಮಾತ್ರ ತುಂಬುತ್ತಿಲ್ಲವೆಂದರೆ ದೋಷ ಬೋರಿನಿಂದ ಟ್ಯಾಂಕಿನವರೆಗಿನ ತುಂಡಿನಲ್ಲಿದೆ. ಎಷ್ಟೋ ಮನೆಗಳಲ್ಲಿ ಈ ಒಂದು ವಿಂಗಡಣೆಯನ್ನು ಮಾಡದೆ ಒಳ್ಳೆಯ ಮೋಟಾರನ್ನು ಎತ್ತಿಸಿರುತ್ತಾರೆ.

ಟ್ಯಾಂಕಿನಿಂದ ಇಳಿಯುವ ನೀರಿನ ಒತ್ತಡವನ್ನು ನಿರ್ಧರಿಸುವುದು ಎತ್ತರವೊಂದೇ. 10 ಮೀಟರ್, ಅಂದರೆ ಸುಮಾರು 33 ಅಡಿ ಎತ್ತರದ ನೀರು ಪ್ರತಿ ಚದರ ಸೆಂಟಿಮೀಟರಿಗೆ 1 ಕೆ.ಜಿ. ಒತ್ತಡ ಕೊಡುತ್ತದೆ. ಟ್ಯಾಂಕು 500 ಲೀಟರಿನದಾಗಲಿ 2000 ಲೀಟರಿನದಾಗಲಿ ಈ ಲೆಕ್ಕ ಬದಲಾಗುವುದಿಲ್ಲ. ತಾರಸಿಯ ಮೇಲೆ 4 ಅಡಿಯ ಕಟ್ಟೆಯಲ್ಲಿ ಟ್ಯಾಂಕು ಕೂತಿದೆ, ಅದರ ಕೆಳಗಿನ ಮಹಡಿಯ ಶವರ್ ತಾರಸಿಗಿಂತ 3 ಅಡಿ ಕೆಳಗಿದೆ ಎಂದಿಟ್ಟುಕೊಳ್ಳೋಣ. ಟ್ಯಾಂಕಿನ ತಳದಿಂದ ಶವರ್‌ಗೆ ಸಿಗುವ ಎತ್ತರ 7 ಅಡಿ, ಒತ್ತಡ 0.2 ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ಅದೇ ಮನೆಯ ನೆಲಮಹಡಿಯ ಅಡುಗೆಮನೆ ನಲ್ಲಿಗೆ 20 ಅಡಿಗೂ ಮೀರಿದ ಎತ್ತರ ಸಿಗುವುದರಿಂದ ಅಲ್ಲಿ 0.6 ಕೆ.ಜಿ. ಒತ್ತಡವಿರುತ್ತದೆ. ಮೇಲಿನ ಮಹಡಿಯ ಶವರ್ ಮನೆ ಕಟ್ಟಿದ ದಿನದಿಂದಲೇ ಸಣ್ಣಗೆ ಬರುತ್ತಿದ್ದರೆ ಅದು ರೋಗವಲ್ಲ, ಎತ್ತರದ ಕೊರತೆ. ಅಲ್ಲಿ ಟ್ಯಾಂಕನ್ನು ಎತ್ತರಿಸಬೇಕು ಅಥವಾ ಬೂಸ್ಟರ್ ಪಂಪು ಹಾಕಿಸಬೇಕು. ಮೊದಲು ಚೆನ್ನಾಗಿದ್ದು ಈಗ ಕಡಿಮೆಯಾಗಿದ್ದರೆ ಮಾತ್ರ ಮುಂದಿನ ಹುಡುಕಾಟಕ್ಕೆ ಅರ್ಥವಿದೆ.

ಟ್ಯಾಂಕಿನಿಂದ ನಲ್ಲಿಯವರೆಗೆ

ಮನೆಯ ಎಲ್ಲ ನಲ್ಲಿಗಳನ್ನೂ ಒಂದೊಂದಾಗಿ ಬಿಟ್ಟು ನೋಡಬೇಕು. ಒಂದೇ ನಲ್ಲಿ ಸಣ್ಣಗಿದ್ದರೆ ಆ ನಲ್ಲಿಯನ್ನು, ಒಂದೇ ಬಚ್ಚಲಿನ ಎಲ್ಲ ನಲ್ಲಿಗಳೂ ಸಣ್ಣಗಿದ್ದರೆ ಆ ಬಚ್ಚಲಿಗೆ ಹೋಗುವ ಪೈಪು ಮತ್ತು ಅದರ ವಾಲ್ವನ್ನು, ಬಿಸಿನೀರು ಮಾತ್ರ ಸಣ್ಣಗಿದ್ದರೆ ಗೀಸರನ್ನು, ಇಡೀ ಮನೆಯೇ ಸಣ್ಣಗಿದ್ದರೆ ಟ್ಯಾಂಕಿನ ಹೊರದಾರಿಯನ್ನು ನೋಡಬೇಕು.

ನಮ್ಮ ಎರಡೂ ಜಿಲ್ಲೆಗಳ ಬೋರಿನ ನೀರು ಬಹಳ ಕಡೆ ಗಡಸು. ಪಾತ್ರೆಯ ತಳದಲ್ಲಿ, ಗೀಸರಿನ ಕಾಯಿಲಿನ ಮೇಲೆ ಕೂರುವ ಬಿಳಿಯ ಗರವೇ ನಲ್ಲಿಯ ತುದಿಯ ಜಾಲರಿಯಲ್ಲೂ ಶವರಿನ ತೂತುಗಳಲ್ಲೂ ಕೂರುತ್ತದೆ. ನಲ್ಲಿಯ ತುದಿಯ ಸುತ್ತುಬಳೆಯನ್ನು ಕೈಯಿಂದಲೋ, ಬಟ್ಟೆ ಸುತ್ತಿದ ಸ್ಪ್ಯಾನರಿನಿಂದಲೋ ತಿರುಗಿಸಿ ತೆಗೆದು ಅಂಗೈ ಮೇಲೆ ತಟ್ಟಿ ನೋಡಿದರೆ ಒಳಗಿನ ಕಥೆಯೆಲ್ಲ ಗೊತ್ತಾಗುತ್ತದೆ. ಸುಣ್ಣದ ಚಕ್ಕೆ ಬಿದ್ದರೆ ಅದು ಗಡಸು ನೀರಿನ ಕೆಲಸ. ಕೆಂಪು ತುಕ್ಕಿನ ಹೊಪ್ಪಳೆ ಬಿದ್ದರೆ ಕಬ್ಬಿಣದ ಪೈಪು ಒಳಗಿಂದ ಸವೆಯುತ್ತಿದೆ. ಹೊಳೆಯುವ ಸಣ್ಣ ಮರಳು ಬಿದ್ದರೆ ಬೋರಿನಿಂದ ಮರಳು ಮೇಲೆ ಬರುತ್ತಿದೆ, ಆಗ ಮೋಟಾರಿನ ಒಳಗಿನ ಚಕ್ರಗಳೂ ಸವೆಯುತ್ತಿರುತ್ತವೆ. ಸುಣ್ಣದ ಗರ ಬಿಡಿಸಲು ಕಿರಾಣಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಸಾಕು. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ಹಾಕಿ, ಜಾಲರಿಯನ್ನೂ ಶವರಿನ ತಲೆಯನ್ನೂ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ತೂತುಗಳು ತೆರೆದುಕೊಳ್ಳುತ್ತವೆ. ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು: ನಿಂಬೆ ಉಪ್ಪನ್ನಾಗಲಿ ಬೇರೆ ಯಾವುದೇ ಆಮ್ಲವನ್ನಾಗಲಿ ಬ್ಲೀಚಿಂಗ್ ಪುಡಿಯ ಜೊತೆ ಸೇರಿಸಬಾರದು. ಹಾಗೆ ಸೇರಿಸಿದಾಗ ಹೊರಡುವ ಕ್ಲೋರಿನ್ ಅನಿಲ ಮುಚ್ಚಿದ ಬಚ್ಚಲಿನಲ್ಲಿ ಪ್ರಾಣಕ್ಕೇ ಅಪಾಯ.

ಬಿಸಿನೀರು ಮಾತ್ರ ಸಣ್ಣಗಿದ್ದರೆ ಗೀಸರಿಗೆ ತಣ್ಣೀರು ಹೋಗುವ ಬಾಯಲ್ಲಿರುವ ವಾಲ್ವು ಗರ ಕಟ್ಟಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಬಿಚ್ಚುವ ಮೊದಲು ಕರೆಂಟು ತೆಗೆದು, ನೀರು ಆರುವವರೆಗೆ ಕಾಯಬೇಕು. ಸುರಕ್ಷತೆಗಾಗಿ ಇರುವ ಆ ವಾಲ್ವನ್ನು ತೆಗೆದುಹಾಕಿ ಬರೀ ಪೈಪು ಜೋಡಿಸುವ ಪ್ಲಂಬರ್‌ಗಳೂ ಇದ್ದಾರೆ. ಅದಕ್ಕೆ ಎಂದೂ ಒಪ್ಪಬಾರದು.

ಇಡೀ ಮನೆಯಲ್ಲಿ ನೀರು ಸಣ್ಣಗಿದ್ದರೆ ತಾರಸಿಗೆ ಹತ್ತಬೇಕು. ಟ್ಯಾಂಕಿನ ತಳದಲ್ಲಿ ಕೆಸರು ಹೊರಪೈಪಿನ ಬಾಯಿಯ ಮಟ್ಟಕ್ಕೆ ಬಂದಿದೆಯೇ ಎಂದು ನೋಡಿ ತೊಳೆಯಬೇಕು. ಹೊರಪೈಪಿನ ಗೇಟ್ ವಾಲ್ವಿನ ಹಿಡಿಯನ್ನು ಪೂರ್ತಿ ಮುಚ್ಚಿ, ಪೂರ್ತಿ ತೆರೆಯಬೇಕು. ಮುಚ್ಚುವಾಗ ಕೊನೆಯಲ್ಲಿ ಬಿಗಿಯಾಗಿ ನಿಲ್ಲದೆ ಸುಮ್ಮನೆ ಸುತ್ತುತ್ತಲೇ ಇದ್ದರೆ, ಅಥವಾ ಮುಚ್ಚಿದರೂ ತೆರೆದರೂ ನೀರಿನಲ್ಲಿ ವ್ಯತ್ಯಾಸವೇ ಕಾಣದಿದ್ದರೆ, ಒಳಗಿನ ಬಿಲ್ಲೆ ಕಳಚಿದೆಯೆಂದೇ ಅರ್ಥ. ಅದರ ಜಾಗಕ್ಕೆ ಕಾಲು ಸುತ್ತಿಗೆ ತೆರೆಯುವ ಬಾಲ್ ವಾಲ್ವ್ ಹಾಕಿಸುವುದು ಒಳ್ಳೆಯದು. ಅದರ ಹಿಡಿ ಪೈಪಿನ ನೇರಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ.

ಟ್ಯಾಂಕನ್ನು ತೊಳೆದ ಮರುದಿನ, ಅಥವಾ ಟ್ಯಾಂಕು ಪೂರ್ತಿ ಬರಿದಾಗಿ ಮತ್ತೆ ತುಂಬಿದ ಮೇಲೆ, ಒಂದು ಬಚ್ಚಲಿಗೆ ಮಾತ್ರ ನೀರು ಬರದೆ ಹೋದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ. ಪೈಪು ಎಲ್ಲಿ ಮೇಲೆದ್ದು ಮತ್ತೆ ಇಳಿಯುತ್ತದೋ ಆ ಉಬ್ಬಿನಲ್ಲಿ ಗಾಳಿ ನಿಲ್ಲುತ್ತದೆ. ಟ್ಯಾಂಕಿನ ಕಡಿಮೆ ಒತ್ತಡಕ್ಕೆ ಅದನ್ನು ತಳ್ಳುವ ಶಕ್ತಿ ಇರುವುದಿಲ್ಲ. ರಭಸವಾಗಿ ಬರುವ ಕೆಳಗಿನ ನಲ್ಲಿಯಿಂದ ಈ ನಲ್ಲಿಗೆ ಶುಚಿಯಾದ ರಬ್ಬರ್ ಪೈಪನ್ನು ಬಿಗಿಯಾಗಿ ಸಿಕ್ಕಿಸಿ, ಎರಡನ್ನೂ ತೆರೆದು, ಎರಡು ನಿಮಿಷ ನೀರನ್ನು ಹಿಂದಕ್ಕೆ ನುಗ್ಗಿಸಿದರೆ ಗಾಳಿ ಟ್ಯಾಂಕಿನ ಕಡೆ ಹೊರಟುಹೋಗುತ್ತದೆ.

ಇವೆಲ್ಲ ಸರಿಯಿದ್ದೂ ನೀರು ಸಣ್ಣಗಿರುವ ಹಳೆಯ ಮನೆಗಳಲ್ಲಿ, ಗೋಡೆಯೊಳಗೆ ಹುದುಗಿರುವ ಕಬ್ಬಿಣದ ಪೈಪುಗಳೇ ಕಾರಣವಾಗಿರುತ್ತವೆ. 15 ಮಿ.ಮೀ. ಒಳಬಾಯಿಯ ಪೈಪು ತುಕ್ಕು ಮತ್ತು ಗರದಿಂದ 10 ಮಿ.ಮೀ.ಗೆ ಕಿರಿದಾದರೆ, ಅಷ್ಟೇ ನೀರು ಹರಿಸಲು ಏಳು ಪಟ್ಟಿಗಿಂತ ಹೆಚ್ಚು ಒತ್ತಡ ಬೇಕಾಗುತ್ತದೆ, ಏಕೆಂದರೆ ಹರಿವಿನ ತಡೆ ಬಾಯಿ ಕಿರಿದಾದಂತೆ ಅದರ ಐದನೆಯ ಘಾತದಲ್ಲಿ ಏರುತ್ತದೆ. ಇಂಥ ಪೈಪಿಗೆ ಬೂಸ್ಟರ್ ಪಂಪು ಜೋಡಿಸುವುದು ನನ್ನ ಅಭಿಪ್ರಾಯದಲ್ಲಿ ತಪ್ಪು. ಸವೆದ ಜಾಯಿಂಟುಗಳು ಗೋಡೆಯೊಳಗೇ ಸೋರತೊಡಗುತ್ತವೆ. ಬಿಸಿನೀರು ತಡೆಯುವ ಸಿಪಿವಿಸಿ ಪೈಪನ್ನು ಹೊಸದಾಗಿ ಎಳೆಸುವುದೇ ಸರಿಯಾದ ದಾರಿ.

ಬೋರಿನಿಂದ ಟ್ಯಾಂಕಿನವರೆಗೆ

ಟ್ಯಾಂಕು ತುಂಬುವುದೇ ನಿಧಾನವಾಗಿದ್ದರೆ ಈಗ ಬಕೆಟ್ಟಿನ ಕೆಲಸ. ಟ್ಯಾಂಕಿಗೆ ನೀರು ಬೀಳುವ ಪೈಪಿನ ಬಾಯಿಗೆ 20 ಲೀಟರಿನ ಬಕೆಟ್ ಹಿಡಿದು ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆಂದು ನೋಡಬೇಕು. ಬಕೆಟ್ಟಿನ ಲೀಟರನ್ನು 60ರಿಂದ ಗುಣಿಸಿ, ಸೆಕೆಂಡಿನಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಲೀಟರೆಂದು ಸಿಗುತ್ತದೆ. 40 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 30 ಲೀಟರು, 80 ಸೆಕೆಂಡು ಹಿಡಿದರೆ 15 ಲೀಟರು. ಈ ಅಳತೆಯನ್ನು ಮೂರು ಬಾರಿ ತೆಗೆಯಬೇಕು: ಮೋಟಾರು ಹಾಕಿ ನೀರು ಬಂದ ಕೂಡಲೇ, ಹತ್ತು ನಿಮಿಷದ ಮೇಲೆ, ಅರ್ಧ ಗಂಟೆಯ ಮೇಲೆ. ಹಿಂದಿನ ದಿನ ರಾತ್ರಿಯಿಂದ ಮೋಟಾರು ಹಾಕದೆ, ಬೆಳಿಗ್ಗೆ ಎದ್ದು ಅಳೆದರೆ ಲೆಕ್ಕ ನಿಚ್ಚಳವಾಗಿರುತ್ತದೆ.

ಈ ಮೂರು ಅಂಕಿಗಳು ಹೇಳುವಷ್ಟನ್ನು ಯಾವ ಮಿಸ್ತ್ರಿಯ ಊಹೆಯೂ ಹೇಳಲಾರದು. ಮೊದಲ ಅಳತೆ ಚೆನ್ನಾಗಿದ್ದು, ಹತ್ತು ನಿಮಿಷಕ್ಕೆ ಇಳಿದು, ಅರ್ಧ ಗಂಟೆಯ ಹೊತ್ತಿಗೆ ನೀರು ಕೆಮ್ಮುತ್ತ, ಗಾಳಿಯೊಂದಿಗೆ ಎಗರಿ ಎಗರಿ ಬರುತ್ತಿದ್ದರೆ, ಮೋಟಾರು ಚೆನ್ನಾಗಿದೆ. ಬಂಡೆಯ ಸೀಳಿನಿಂದ ಬರುವ ನೀರಿಗಿಂತ ಮೋಟಾರು ಎಳೆಯುವ ನೀರು ಹೆಚ್ಚಾಗಿದೆ. ಮೊದಲ ನಿಮಿಷದಿಂದ ಕೊನೆಯವರೆಗೂ ಒಂದೇ ಸಮನೆ ಸಣ್ಣಗೆ ಬರುತ್ತಿದ್ದರೆ ಬೋರಿನಲ್ಲಿ ನೀರಿದೆ. ದೋಷ ಪೈಪಿನಲ್ಲಿ, ಮೋಟಾರಿನಲ್ಲಿ ಅಥವಾ ಕರೆಂಟಿನಲ್ಲಿದೆ. ಸ್ವಿಚ್ಚು ಹಾಕಿದ ಮೇಲೆ ನೀರು ಮೇಲೆ ಬರಲು ಹಿಂದಿಗಿಂತ ಬಹಳ ಹೊತ್ತು ಹಿಡಿಯುತ್ತಿದ್ದರೆ, ನಿಂತಾಗಲೆಲ್ಲ ಪೈಪಿನ ನೀರು ಬೋರಿಗೆ ವಾಪಸು ಇಳಿದುಹೋಗುತ್ತಿದೆ. ಕೆಂಪು ಮಣ್ಣಿನ ನೀರು ಇದ್ದಕ್ಕಿದ್ದಂತೆ ಬರತೊಡಗಿದರೆ ಕೇಸಿಂಗ್ ಪೈಪು ಎಲ್ಲೋ ಒಡೆದಿರಬಹುದು. ಆಗ ಮೋಟಾರನ್ನು ಕೂಡಲೇ ನಿಲ್ಲಿಸಬೇಕು.

ನಂತರ ಬೋರಿನ ಬಾಯಲ್ಲಿರುವ ಯೂನಿಯನ್ (ಎರಡು ಪೈಪು ಸೇರಿಸುವ, ಬಿಚ್ಚಬಲ್ಲ ಜೋಡಣೆ) ಬಿಚ್ಚಿ ಅಲ್ಲಿಯೇ ಬಕೆಟ್ ಹಿಡಿದು ಅಳೆಯಬೇಕು. ಮೇಲೆ ಎತ್ತುವ ಶ್ರಮ ತಪ್ಪುವುದರಿಂದ ಇಲ್ಲಿ ಸ್ವಲ್ಪ ಹೆಚ್ಚು ಬರುವುದು ಸಹಜ. ಆದರೆ ಇಲ್ಲಿ 30 ಸೆಕೆಂಡಿಗೆ ತುಂಬುವ ಬಕೆಟ್ ತಾರಸಿಯಲ್ಲಿ 70 ಸೆಕೆಂಡು ಹಿಡಿಯುತ್ತಿದ್ದರೆ ನಡುವಿನ ಪೈಪು, ಅದರ ಎನ್‌ಆರ್‌ವಿ (ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವು) ಅಥವಾ ಗೇಟ್ ವಾಲ್ವು ಕಟ್ಟಿಕೊಂಡಿದೆ, ಇಲ್ಲವೇ ನೆಲದಡಿಯಲ್ಲಿ ಎಲ್ಲೋ ಸೋರುತ್ತಿದೆ. ಅಂಗಳದಲ್ಲಿ ಒಂದು ಕಡೆ ಮಾತ್ರ ಹುಲ್ಲು ಬೇಸಿಗೆಯಲ್ಲೂ ಹಸಿರಾಗಿದ್ದರೆ ಅಲ್ಲೇ ಮೊದಲು ಅಗೆದು ನೋಡಿ. ನಾನು ಎತ್ತಿಸಿದ ಮೋಟಾರು ಎತ್ತಿಸಬೇಕಾಗಿರಲಿಲ್ಲವೆಂದು ತಿಳಿಯಲು ಈ ಒಂದು ಅಳತೆ ಸಾಕಾಗಿತ್ತು.

ಕರೆಂಟಿನ ಕಡೆ ಒಂದು ನೋಟ

ಸ್ಟಾರ್ಟರ್ ಪೆಟ್ಟಿಗೆಯ ಮೇಲಿನ ಎರಡು ಮೀಟರುಗಳನ್ನು ಬಹಳ ಮನೆಗಳಲ್ಲಿ ಯಾರೂ ನೋಡುವುದೇ ಇಲ್ಲ. ಮನೆಯ ಸಿಂಗಲ್ ಫೇಸ್ ಮೋಟಾರಿಗೆ 230 ವೋಲ್ಟ್ ಬೇಕು. ಮೋಟಾರಿನ ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, ವೋಲ್ಟೇಜು 180ಕ್ಕೆ ಬಂದಾಗ ಬಲ ನೂರಕ್ಕೆ ಅರವತ್ತಕ್ಕೆ ಬಂದು ನಿಲ್ಲುತ್ತದೆ; ನೀರು ಸಣ್ಣಗಾಗುತ್ತದೆ, ಮೋಟಾರು ಬಿಸಿಯಾಗುತ್ತದೆ. ಸಂಜೆ ಸಣ್ಣಗೆ ಬರುವ ನೀರು ಬೆಳಗಿನ ಜಾವ ಚೆನ್ನಾಗಿ ಬಂದರೆ ಮೋಟಾರನ್ನು ಬೈಯುವ ಮೊದಲು ಎರಡೂ ಹೊತ್ತಿನ ವೋಲ್ಟೇಜನ್ನು ಬರೆದುಕೊಂಡು ಹೋಲಿಸಬೇಕು. ಕೇಬಲ್ಲಿನಲ್ಲೂ ವೋಲ್ಟೇಜು ಇಳಿಯುತ್ತದೆ. 100 ಮೀಟರ್ ಆಳದ ಮೋಟಾರಿಗೆ 1.5 ಚದರ ಮಿ.ಮೀ.ನ ತಾಮ್ರದ ಕೇಬಲ್ ಹಾಕಿ 8 ಆಂಪಿಯರ್ ಎಳೆದರೆ ದಾರಿಯಲ್ಲೇ ಸುಮಾರು 19 ವೋಲ್ಟ್ ಹೋಗುತ್ತದೆ, 2.5 ಚದರ ಮಿ.ಮೀ.ನದಾದರೆ 12 ವೋಲ್ಟ್. ಮೋಟಾರನ್ನು ಇನ್ನಷ್ಟು ಆಳಕ್ಕೆ ಇಳಿಸುವಾಗ ಹಳೆಯ ಸಣ್ಣ ಕೇಬಲ್ಲಿಗೇ ತುಂಡು ಜೋಡಿಸುವುದು ಇದಕ್ಕಾಗಿಯೇ ಸಲ್ಲದು.

ಆಂಪಿಯರ್ ಮೀಟರು ಇನ್ನೂ ಹೆಚ್ಚು ಹೇಳುತ್ತದೆ. ನೀರು ಕಡಿಮೆ, ಆಂಪಿಯರೂ ಎಂದಿಗಿಂತ ಕಡಿಮೆ ಎಂದಾದರೆ ಮೋಟಾರಿಗೆ ಎತ್ತಲು ನೀರೇ ಸಿಗುತ್ತಿಲ್ಲ, ಅಥವಾ ಅದರ ಜಾಲರಿಯೋ ಮೇಲಿನ ದಾರಿಯೋ ಕಟ್ಟಿಕೊಂಡಿದೆ. ನೀರು ಕಡಿಮೆ, ಆಂಪಿಯರ್ ಹೆಚ್ಚು ಎಂದಾದರೆ ವೋಲ್ಟೇಜು ಇಳಿದಿದೆ, ಇಲ್ಲವೇ ಬೇರಿಂಗು ಸವೆದು ಅಥವಾ ಮರಳು ಸಿಕ್ಕಿ ಬಿಗಿಯುತ್ತಿದೆ. ನೀರು ಕಡಿಮೆಯಿದ್ದೂ ಆಂಪಿಯರ್ ಎಂದಿನಷ್ಟೇ ಇದ್ದರೆ ಮೋಟಾರು ತನ್ನ ಕೆಲಸ ಮಾಡುತ್ತಿದೆ, ಎತ್ತಿದ ನೀರು ಬೋರಿನೊಳಗಿನ ಪೈಪಿನ ತೂತಿನಿಂದ ಹೊರಗೆ ಹೋಗುತ್ತಿದೆ ಎಂಬ ಅನುಮಾನ ಬರಬೇಕು. ಈ ಹೋಲಿಕೆಗೆ ಮೋಟಾರು ಚೆನ್ನಾಗಿದ್ದಾಗಿನ ಆಂಪಿಯರ್ ಎಷ್ಟೆಂದು ಗೊತ್ತಿರಬೇಕು, ಆದ್ದರಿಂದ ಇಂದೇ ಬರೆದಿಡುವುದು ಒಳ್ಳೆಯದು.

ಆ ತೂತನ್ನು ಪತ್ತೆ ಮಾಡಲು ಕಿವಿ ಸಾಕು. ರಾತ್ರಿ ಬೀದಿಯ ಸದ್ದಡಗಿದ ಮೇಲೆ ಮೋಟಾರು ಹಾಕಿ, ಕೇಸಿಂಗಿನ ಮುಚ್ಚಳದ ಸಂದಿಗೆ ಕಿವಿಯಿಟ್ಟರೆ, ಒಳ್ಳೆಯ ಪೈಪಿನಲ್ಲಿ ದೂರದ ಗುಂಯ್‌ಗುಡುವಿಕೆ ಮಾತ್ರ ಕೇಳುತ್ತದೆ. ತೂತಿದ್ದರೆ ಗೋಡೆಗೆ ನೀರು ಎರಚಿದಂಥ ಸದ್ದು ಬಿಡದೆ ಬರುತ್ತದೆ. ಬೋರಿನ ನೀರಿನ ಮಟ್ಟಕ್ಕಿಂತ ಮೇಲಿನ ಸೋರಿಕೆ ಮಾತ್ರ ಹೀಗೆ ಕೇಳುತ್ತದೆಂಬುದು ನೆನಪಿರಲಿ. ಮೋಟಾರು ನಿಲ್ಲಿಸಿದ ಮೇಲೂ ಒಂದೆರಡು ನಿಮಿಷ ಸೊರಸೊರ ಎನ್ನುತ್ತಿದ್ದರೆ ಪೈಪಿನಲ್ಲಿದ್ದ ನೀರು ಅಲ್ಲಿಂದ ಇಳಿಯುತ್ತಿದೆ.

ಕೆಪಾಸಿಟರ್ ಉಬ್ಬಿದ್ದರೆ, ಎಣ್ಣೆ ಜಿನುಗಿದ್ದರೆ ಬದಲಾಯಿಸಬೇಕು. ಅದರ ಮೇಲೆ ಬರೆದಿರುವ ಮೈಕ್ರೋಫ್ಯಾರಡ್ ಅಳತೆಯದನ್ನೇ ಹಾಕಬೇಕು. ಸ್ವಿಚ್ಚು ತೆಗೆದ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದಾದ್ದರಿಂದ ಈ ಕೆಲಸವನ್ನು ಎಲೆಕ್ಟ್ರಿಷಿಯನ್ ಕೈಗೇ ಬಿಡಬೇಕು. ತೋಟದ ಮನೆಗಳಲ್ಲಿ ತ್ರೀ ಫೇಸ್ ಮೋಟಾರು ಇದ್ದರೆ ಇನ್ನೊಂದು ಮಾತು: ಲೈನಿನ ಅಥವಾ ಟ್ರಾನ್ಸ್‌ಫಾರ್ಮರಿನ ಕೆಲಸವಾದ ಮಾರನೆಯ ದಿನವೇ ನೀರು ಸಣ್ಣಗಾದರೆ ಫೇಸುಗಳು ಅದಲುಬದಲಾಗಿ ಮೋಟಾರು ಹಿಂದುಮುಂದಾಗಿ ತಿರುಗುತ್ತಿರಬಹುದು. ಸ್ಟಾರ್ಟರಿನಲ್ಲಿ ಯಾವುದಾದರೂ ಎರಡು ವೈರುಗಳನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ.

ಬೋರಿನ ಬಾಯಿಯಿಂದ ವಾಲ್ವಿನವರೆಗೆ ಕಬ್ಬಿಣದ ಪೈಪಿದ್ದವರು ಇನ್ನೊಂದು ಪರೀಕ್ಷೆ ಮಾಡಬಹುದು. ಬೋರಿಗೂ ವಾಲ್ವಿಗೂ ನಡುವೆ 16 ಕೆ.ಜಿ.ಯವರೆಗೆ ತೋರಿಸುವ ಪ್ರೆಷರ್ ಗೇಜ್ ಹಾಕಿಸಿ, ಮೋಟಾರು ಓಡುತ್ತಿರುವಾಗ ವಾಲ್ವನ್ನು ನಿಧಾನವಾಗಿ ಮುಚ್ಚಿ, ಮುಳ್ಳು ನಿಂತ ಅಂಕಿಯನ್ನು ನೋಡಿ, ಹತ್ತು ಸೆಕೆಂಡಿನೊಳಗೆ ತೆರೆದುಬಿಡಬೇಕು. ಮುಳ್ಳು 4 ಕೆ.ಜಿ. ತೋರಿಸಿ, ಬೋರಿನ ನೀರು 30 ಮೀಟರ್ ಕೆಳಗಿದ್ದರೆ, ಮೋಟಾರು ಎತ್ತಬಲ್ಲ ಒಟ್ಟು ಎತ್ತರ 40 ಮತ್ತು 30 ಸೇರಿ 70 ಮೀಟರು. ಮೋಟಾರಿನ ಪಟ್ಟಿಯಲ್ಲಿ ಗರಿಷ್ಠ ಎತ್ತರ 90 ಮೀಟರೆಂದು ಬರೆದಿದ್ದರೆ ಒಳಗಿನ ಚಕ್ರಗಳು ಸವೆದಿವೆ ಅಥವಾ ಪೈಪು ತೂತಾಗಿದೆ. ಆಗ ಮೋಟಾರು ಎತ್ತಿಸುವುದಕ್ಕೆ ಗಟ್ಟಿ ಕಾರಣ ಸಿಕ್ಕಂತಾಯಿತು. ಪಿವಿಸಿ ಪೈಪಿದ್ದಲ್ಲಿ ಇದನ್ನು ಮಾಡಬಾರದು, ಜಾಯಿಂಟು ಸಿಡಿಯಬಹುದು.

ಬೋರಿನಲ್ಲೇ ನೀರು ಕಡಿಮೆಯಾದರೆ

ನಮ್ಮ ಎರಡೂ ಜಿಲ್ಲೆಗಳ ನೆಲದಡಿಯಲ್ಲಿರುವುದು ಬಹುಪಾಲು ಗಟ್ಟಿ ಬಂಡೆ. ಗಟ್ಟಿ ಬಂಡೆಯೊಳಗೆ ನೀರು ನಿಲ್ಲುವುದಿಲ್ಲ. ಅದರ ಮೇಲಿನ ಸಡಿಲು ಪದರದಲ್ಲಿ ಮತ್ತು ಬಂಡೆಯ ಸೀಳುಗಳಲ್ಲಿ ಮಾತ್ರ ನಿಲ್ಲುತ್ತದೆ. ಬೋರು ಕೊರೆದ ದಿನ ‘ಎರಡು ಇಂಚು ನೀರು ಬಿತ್ತು’ ಎಂದು ಅಳೆದದ್ದು ಆ ದಿನದ, ಆ ಸೀಳಿನ ಲೆಕ್ಕ. ಮಂಡ್ಯ, ಪಾಂಡವಪುರ, ಮದ್ದೂರಿನ ಕಡೆ ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿರುವವರಿಗೆ ಇದು ಅನುಭವದಿಂದಲೇ ಗೊತ್ತು: ಕನ್ನಂಬಾಡಿಯಿಂದ ನಾಲೆಗೆ ನೀರು ಬಿಟ್ಟು ಗದ್ದೆಗಳಲ್ಲಿ ನೀರು ನಿಂತ ಮೇಲೆ ಬಾವಿಗಳ ಮಟ್ಟ ಏರುತ್ತದೆ, ನಾಲೆ ನಿಲ್ಲಿಸಿದ ಬೇಸಿಗೆಯಲ್ಲಿ ಇಳಿಯುತ್ತದೆ. ಬೋರಿನ ನೀರು 100 ಅಡಿಯಿಂದ 200 ಅಡಿಗೆ ಇಳಿದರೆ ಮೋಟಾರು ಅದೇ ಶಕ್ತಿಯಲ್ಲಿ ಇನ್ನೂ 30 ಮೀಟರ್ ಮೇಲೆತ್ತಬೇಕು. ಅದು ಹೊಸ ಮೋಟಾರೇ ಆದರೂ ಬೇಸಿಗೆಯಲ್ಲಿ ಕಡಿಮೆ ನೀರನ್ನೇ ಕೊಡುತ್ತದೆ.

ಇಂಥಲ್ಲಿ ಹೆಚ್ಚು ಎಚ್‌ಪಿಯ ಮೋಟಾರು ಹಾಕಿಸುವುದು ಬಹಳ ಜನ ಮಾಡುವ ತಪ್ಪು. ಸೀಳಿನಿಂದ ನಿಮಿಷಕ್ಕೆ 15 ಲೀಟರು ಬರುವ ಬೋರಿಗೆ 40 ಲೀಟರು ಎಳೆಯುವ ಮೋಟಾರು ಹಾಕಿದರೆ ಅದು ಬೇಗ ನೀರನ್ನು ಖಾಲಿ ಮಾಡಿ, ಒಣಗಿ ಓಡಿ, ಸುಟ್ಟುಹೋಗುತ್ತದೆ. ಬೋರಿನ ಬಾಯಲ್ಲಿರುವ ವಾಲ್ವನ್ನು ಸ್ವಲ್ಪಸ್ವಲ್ಪವಾಗಿ ಮುಚ್ಚುತ್ತ ಬಂದು, ಅರ್ಧ ಗಂಟೆ ಓಡಿದರೂ ಗಾಳಿ ಬರದಂಥ ಹದಕ್ಕೆ ನಿಲ್ಲಿಸಬೇಕು. ಅಥವಾ ಟೈಮರ್ ಇಟ್ಟು ಇಪ್ಪತ್ತು ನಿಮಿಷ ಓಡಿಸಿ ಎರಡು ಮೂರು ಗಂಟೆ ಬಿಡುವು ಕೊಡಬೇಕು. ನೀರಿಲ್ಲದಾಗ ತಾನೇ ನಿಲ್ಲಿಸುವ ಡ್ರೈ ರನ್ ರಕ್ಷಣೆ ಸ್ಟಾರ್ಟರಿನಲ್ಲಿ ಇರಲೇಬೇಕು. ಬೋರು ಇನ್ನೂ ಆಳವಿದ್ದರೆ ಮೋಟಾರನ್ನು ಎರಡು ಮೂರು ಲೆಂತ್ ಇಳಿಸಬಹುದು, ಆದರೆ ತಳದ ಕೆಸರಿನಿಂದ 20 ಅಡಿಯಾದರೂ ಮೇಲಿರಬೇಕು.

ಮಳೆನೀರನ್ನು ಬೋರಿನ ಪಕ್ಕದಲ್ಲಿ ಇಂಗಿಸುವುದು ನಿಧಾನವಾದರೂ ನಿಜವಾದ ಮದ್ದು. ನಮ್ಮ ಕಡೆ ವರ್ಷಕ್ಕೆ ಸುಮಾರು 700ರಿಂದ 800 ಮಿ.ಮೀ. ಮಳೆ ಬೀಳುತ್ತದೆ. 1000 ಚದರ ಅಡಿಯ ತಾರಸಿಯ ಮೇಲೆ ಬೀಳುವುದು 60 ಸಾವಿರ ಲೀಟರಿಗೂ ಹೆಚ್ಚು. ಚೆಲ್ಲಿಹೋದದ್ದನ್ನು ಕಳೆದರೂ 50 ಸಾವಿರ ಲೀಟರು ಕೈಗೆ ಸಿಗುತ್ತದೆ. ಜಲ್ಲಿ, ಮರಳು ತುಂಬಿದ ಗುಂಡಿಯಲ್ಲಿ ಸೋಸಿ ಇಂಗಿಸಬೇಕೇ ಹೊರತು ತಾರಸಿಯ ನೀರನ್ನು ಸೋಸದೆ ನೇರವಾಗಿ ಕೇಸಿಂಗಿಗೆ ಬಿಡಬಾರದು.

ಪ್ರೆಷರ್ ಟ್ಯಾಂಕು ಇರುವ ಮನೆಗಳು

ಬೂಸ್ಟರ್ ಪಂಪಿನ ಜೊತೆ ಗಾಳಿ ತುಂಬಿದ ಸಣ್ಣ ಪ್ರೆಷರ್ ಟ್ಯಾಂಕು ಇರುವಲ್ಲಿ ನಲ್ಲಿಯ ರಭಸ ಏರಿಳಿಯುತ್ತ, ಪಂಪು ನಿಮಿಷಕ್ಕೆ ಹಲವು ಸಲ ಹತ್ತಿ ಆರುತ್ತಿದ್ದರೆ ಟ್ಯಾಂಕಿನ ಗಾಳಿ ಇಳಿದಿದೆ. ಪಂಪಿನ ಕರೆಂಟು ತೆಗೆದು, ನಲ್ಲಿ ಬಿಟ್ಟು ನೀರನ್ನೆಲ್ಲ ಖಾಲಿ ಮಾಡಿ, ಟೈರಿನ ಗಾಳಿ ಅಳೆಯುವ ಗೇಜಿನಿಂದ ನೋಡಬೇಕು. ಪಂಪು 1.4 ಕೆ.ಜಿ.ಗೆ ಹತ್ತುವಂತೆ ಹೊಂದಿಸಿದ್ದರೆ ಗಾಳಿ ಅದಕ್ಕಿಂತ ಸ್ವಲ್ಪ ಕಡಿಮೆ, ಸುಮಾರು 1.25 ಕೆ.ಜಿ. ಇರಬೇಕು; ಸೈಕಲ್ ಪಂಪಿನಿಂದಲೇ ತುಂಬಬಹುದು. ಗಾಳಿಯ ಕಡ್ಡಿ ಒತ್ತಿದಾಗ ನೀರು ಬಂದರೆ ಒಳಗಿನ ರಬ್ಬರು ಹರಿದಿದೆ. ನೀರು ಮೆದುಗೊಳಿಸುವ ಯಂತ್ರ ಅಥವಾ ಸೋಸುವ ಕಾರ್ಟ್ರಿಜ್ ಇದ್ದವರು ಅದರ ಬೈಪಾಸ್ ವಾಲ್ವನ್ನು ತೆರೆದು ನೋಡಬೇಕು. ರಭಸ ಕೂಡಲೇ ಹೆಚ್ಚಿದರೆ ಫಿಲ್ಟರನ್ನು ತೊಳೆಯುವ ಕಾಲ ಬಂದಿದೆ. ಮೈಸೂರಿನಲ್ಲಿ ಕಾವೇರಿ ಅಥವಾ ಕಬಿನಿಯ ನೀರೂ ಬೋರಿನ ನೀರೂ ಎರಡೂ ಇರುವ ಮನೆಗಳವರು ಎರಡು ಪೈಪುಗಳನ್ನು ಒಂದಕ್ಕೊಂದು ನೇರವಾಗಿ ಜೋಡಿಸಬಾರದು, ಬೀದಿಯ ನಲ್ಲಿ ಪೈಪಿಗೆ ಮೋಟಾರನ್ನೂ ಹಚ್ಚಬಾರದು. ಎರಡನ್ನೂ ಸಂಪಿಗೆ ಬೇರೆ ಬೇರೆಯಾಗಿ ಬಿಡಬೇಕು. ಆ ಸಂಪನ್ನು ತೊಳೆಯಲು ಯಾರೇ ಇಳಿದರೂ ಮುಚ್ಚಳ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟಿರಬೇಕು ಮತ್ತು ಮೇಲೆ ಇನ್ನೊಬ್ಬರು ನಿಂತಿರಬೇಕು.

ಮೋಟಾರು ಎತ್ತಿಸಲೇಬೇಕಾದಾಗ

ಎತ್ತುವ ದಿನ ಮನೆಯವರು ಪಕ್ಕದಲ್ಲೇ ಇರಬೇಕು. ಪ್ರತಿ ಪೈಪನ್ನೂ ಬಿಸಿಲಿಗೆ ಹಿಡಿದು ತೂತು, ಸವೆದ ತಿರುಪಿನ ಮರೆ, ಒಳಗಿನ ಗರ ನೋಡಬೇಕು. ಮೋಟಾರಿನ ಮೇಲಿರುವ ಎನ್‌ಆರ್‌ವಿಯನ್ನು ಹಳೆಯದಾದರೆ ಆ ದಿನವೇ ಬದಲಾಯಿಸಬೇಕು. ಮೋಟಾರು ಹೊರಗಿರುವಷ್ಟು ಹೊತ್ತು, ಅದು ಊಟದ ಬಿಡುವೇ ಆಗಲಿ, ಬೋರಿನ ಬಾಯಿಗೆ ಗಟ್ಟಿ ಮುಚ್ಚಳ ಹಾಕಿರಬೇಕು. ಮಕ್ಕಳಿರುವ ಬೀದಿಯಲ್ಲಿ ಇದನ್ನು ಯಾರಿಗೂ ಬಿಟ್ಟುಕೊಡಬಾರದು. ಮತ್ತೆ ಇಳಿಸುವಾಗ ಪೈಪಿನ ಜೊತೆ ಅರ್ಧ ಇಂಚಿನ ಇನ್ನೊಂದು ತೆಳು ಪೈಪನ್ನು ಇಳಿಬಿಟ್ಟರೆ, ಮುಂದೆ ದಾರಕ್ಕೆ ಒಂದು ಸಣ್ಣ ನಟ್ಟು ಕಟ್ಟಿ ಅದರೊಳಗೆ ಇಳಿಸಿ, ಕೇಬಲ್ಲಿಗೆ ಸಿಕ್ಕಿಕೊಳ್ಳದಂತೆ ನೀರಿನ ಮಟ್ಟವನ್ನು ಅಳೆಯಬಹುದು.

ಎಲ್ಲ ಮುಗಿದ ಮೇಲೆ, ಅಂದೇ, ಅಳಿಸದ ಶಾಯಿಯಲ್ಲಿ ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲ ಒಳಮೈ ಮೇಲೆ ಬರೆಯಬೇಕು: ತಾರೀಖು, ಬೋರಿನ ಆಳ, ಮೋಟಾರು ನಿಂತ ಆಳ, ಎಷ್ಟು ಲೆಂತ್, ಎಷ್ಟು ಎಚ್‌ಪಿ, ಎಷ್ಟು ಸ್ಟೇಜು (ಒಳಗಿನ ಚಕ್ರಗಳ ಎಣಿಕೆ), ಕೇಬಲ್ಲಿನ ಅಳತೆ, ಕೆಪಾಸಿಟರಿನ ಅಂಕಿ, ಓಡುವಾಗಿನ ವೋಲ್ಟ್ ಮತ್ತು ಆಂಪಿಯರ್, ಬೋರಿನ ಬಾಯಲ್ಲೂ ತಾರಸಿಯಲ್ಲೂ ಬಕೆಟ್ ತುಂಬಿದ ಸೆಕೆಂಡು. ನಮ್ಮ ಮನೆಯ ಪೆಟ್ಟಿಗೆಯಲ್ಲಿ ಹೊಸ ಬಾಲ್ ವಾಲ್ವ್ ಹಾಕಿದ ಸಂಜೆ ಬರೆದದ್ದು, ಬಾಯಲ್ಲಿ 38, ತಾರಸಿಯಲ್ಲಿ 46. ಅದರ ಕೆಳಗೆ ಪ್ರತಿ ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಅಳೆದು ಹೊಸ ಸಾಲು ಸೇರಿಸುತ್ತಿದ್ದೇವೆ.